ಶುದ್ಧ ಶಕ್ತಿಗೆ ಸರ್ಕಾರದ ಉತ್ತೇಜನ ಹಣ: ವಾಯುಗುಣಕ್ಕೆ ಲಾಭವೆಷ್ಟು?

ಮಳೆ ಕೈಕೊಟ್ಟ ವರ್ಷ ಸರ್ಕಾರ ಹಳ್ಳಿಗಳಲ್ಲಿ ಬರಪರಿಹಾರ ಕಾಮಗಾರಿಗಳನ್ನು ತೆರೆಯುವುದು ವಾಡಿಕೆ. ಕೆಲಸವಿಲ್ಲದೆ ಕುಳಿತವರಿಗೆ ಕೂಲಿ ಒದಗಿಸುವುದು ಇದರ ಮೊದಲ ಉದ್ದೇಶ. ಕೆಲವು ಊರುಗಳಲ್ಲಿ ಈ ಹಣದಿಂದ ಕೆರೆಯ ಹೂಳೆತ್ತಿ ಏರಿಯನ್ನು ಭದ್ರಪಡಿಸಲಾಗುತ್ತದೆ. ಬೇರೆ ಕೆಲವು ಊರುಗಳಲ್ಲಿ ರಸ್ತೆಯ ಬದಿಯಲ್ಲಿ ಜಲ್ಲಿ ಒಡೆದು ರಾಶಿ ಹಾಕುವುದರಲ್ಲೇ ಕಾಮಗಾರಿ ಮುಗಿಯುತ್ತದೆ. ಎರಡೂ ಕಡೆ ಕೂಲಿ ಒಂದೇ, ಖರ್ಚೂ ಒಂದೇ. ಆದರೆ ಮರುವರ್ಷ ಮಳೆ ಬಂದಾಗ ಮೊದಲ ಊರಿನ ಕೆರೆಯಲ್ಲಿ ನೀರು ನಿಲ್ಲುತ್ತದೆ. ಎರಡನೆಯ ಊರಿನಲ್ಲಿ ಜಲ್ಲಿಯ ರಾಶಿ ಮಾತ್ರ ಉಳಿಯುತ್ತದೆ.

ದೇಶದ ಆರ್ಥಿಕ ವ್ಯವಹಾರಕ್ಕೂ ಇಂಥ ಬರ ಬರುವುದುಂಟು. ಕೊಳ್ಳುವವರು ಕಡಿಮೆಯಾಗುತ್ತಾರೆ, ಕಾರ್ಖಾನೆಗಳು ನಿಲ್ಲುತ್ತವೆ, ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ನಿರುದ್ಯೋಗ ಏರುತ್ತದೆ. ಆಗ ಸರ್ಕಾರ ಸಾಲ ಮಾಡಿಯಾದರೂ ದೊಡ್ಡ ಮೊತ್ತವನ್ನು ಖರ್ಚು ಮಾಡಿ ವ್ಯವಹಾರಕ್ಕೆ ಮತ್ತೆ ಚಾಲನೆ ಕೊಡುತ್ತದೆ. ಇದನ್ನೇ ಆರ್ಥಿಕ ಉತ್ತೇಜನ ವೆಚ್ಚ ಎನ್ನುತ್ತಾರೆ. ಇತ್ತೀಚಿನ ದಶಕಗಳಲ್ಲಿ ಈ ಹಣದ ಒಂದು ಪಾಲನ್ನು ಸೌರಶಕ್ತಿ, ಪವನ ವಿದ್ಯುತ್ ಮೊದಲಾದ ಶುದ್ಧ ಶಕ್ತಿಗೆ ಬಳಸಿ, ಉದ್ಯೋಗವನ್ನೂ ಕೊಡುವ, ಭೂಮಿಯ ಬಿಸಿಯನ್ನೂ ತಗ್ಗಿಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಈ ಪ್ರಯತ್ನ ಎಷ್ಟರಮಟ್ಟಿಗೆ ಫಲಿಸಿದೆ, ಎಲ್ಲಿ ತಪ್ಪಿದೆ ಎಂಬುದು ಮಳೆಯನ್ನು ನಂಬಿ ಬೇಸಾಯ ಮಾಡುವ ರೈತರಿಗೆ ದೂರದ ವಿಷಯವಲ್ಲ. ಸೌರ ಪಂಪ್‌ಸೆಟ್ಟಿಗೆ ಸಿಗುವ ಸಹಾಯಧನವೂ ಇದೇ ಜಾತಿಯ ವೆಚ್ಚ.

ವಾಯುಗುಣದ ಗುರಿ ಎಂದರೇನು?

ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಮತ್ತು ನೈಸರ್ಗಿಕ ಅನಿಲವನ್ನು ಉರಿಸಿದಾಗ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಇದು ಭೂಮಿಯ ಶಾಖ ಹೊರಗೆ ಹೋಗದಂತೆ ತಡೆದು ವಾತಾವರಣವನ್ನು ಬಿಸಿಮಾಡುತ್ತದೆ. ಹೀಗೆ ಸೇರಿದ ಅನಿಲದ ಒಂದು ಭಾಗವನ್ನು ಗಿಡಮರಗಳೂ ಸಮುದ್ರವೂ ಹೀರಿಕೊಳ್ಳುತ್ತವೆ. ಉಳಿದದ್ದರಲ್ಲಿ ಬಹುಭಾಗ ನೂರಾರು ವರ್ಷ ಗಾಳಿಯಲ್ಲಿಯೇ ಇರುತ್ತದೆ. ಆದ್ದರಿಂದ ಒಂದು ವರ್ಷ ಎಷ್ಟು ಹೊಗೆ ಹೋಯಿತು ಎಂಬುದಕ್ಕಿಂತ ಒಟ್ಟು ಎಷ್ಟು ಸೇರಿಕೊಂಡಿದೆ ಎಂಬುದು ಮುಖ್ಯ. ಕೆರೆಗೆ ಒಂದು ವರ್ಷ ಹೂಳು ಕಡಿಮೆ ಬಂದರೆ ಕೆರೆಯ ಆಳವೇನೂ ಹೆಚ್ಚುವುದಿಲ್ಲ. ತುಂಬುವುದು ಸ್ವಲ್ಪ ನಿಧಾನವಾಗುತ್ತದೆ, ಅಷ್ಟೆ.

2015ರಲ್ಲಿ ಪ್ಯಾರಿಸ್ಸಿನಲ್ಲಿ ಆದ ಒಪ್ಪಂದದಂತೆ, ಕೈಗಾರಿಕಾ ಯುಗಕ್ಕೆ ಮೊದಲಿದ್ದ ಮಟ್ಟಕ್ಕಿಂತ ಭೂಮಿಯ ಸರಾಸರಿ ಉಷ್ಣತೆ 2 ಡಿಗ್ರಿ ಸೆಲ್ಸಿಯಸ್ಸಿಗಿಂತ ಸಾಕಷ್ಟು ಕೆಳಗೆ ನಿಲ್ಲಬೇಕು, ಸಾಧ್ಯವಾದರೆ 1.5 ಡಿಗ್ರಿಯನ್ನು ಮೀರಬಾರದು. 2024ನೇ ಇಸವಿ ಒಂದರಲ್ಲೇ ಈ ಹೆಚ್ಚಳ 1.5 ಡಿಗ್ರಿಯನ್ನು ದಾಟಿತು. ಗುರಿಯನ್ನು ಹಲವು ವರ್ಷಗಳ ಸರಾಸರಿಯಿಂದ ಅಳೆಯುವುದರಿಂದ ಒಂದು ವರ್ಷದ ಏರಿಕೆಯಿಂದಲೇ ಗುರಿ ತಪ್ಪಿತೆಂದು ಹೇಳಲಾಗದು. ಆದರೂ ಉಳಿದಿರುವ ಅವಕಾಶ ಕಿರಿದು.

ಭಾರತವೂ ತನ್ನ ಗುರಿಗಳನ್ನು ಪ್ರಕಟಿಸಿದೆ. 2005ರ ಮಟ್ಟಕ್ಕೆ ಹೋಲಿಸಿದರೆ, ರಾಷ್ಟ್ರೀಯ ಉತ್ಪನ್ನದ ಪ್ರತಿ ರೂಪಾಯಿಗೆ ಹೊರಬೀಳುವ ಹಸಿರುಮನೆ ಅನಿಲಗಳನ್ನು 2030ರ ವೇಳೆಗೆ ಶೇಕಡ 45ರಷ್ಟು ತಗ್ಗಿಸುವುದು. ವಿದ್ಯುತ್ ಸ್ಥಾವರಗಳ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟನ್ನು ಕಲ್ಲಿದ್ದಲು, ತೈಲ, ಅನಿಲಗಳನ್ನು ಬಿಟ್ಟು ಬೇರೆ ಮೂಲಗಳಿಂದ ಪಡೆಯುವುದು. 2070ರ ವೇಳೆಗೆ ಹೊರಬಿಡುವ ಮತ್ತು ಹೀರಿಕೊಳ್ಳುವ ಪ್ರಮಾಣವನ್ನು ಸರಿಗಟ್ಟಿಸುವುದು.

ಬೇಸಾಯಕ್ಕೆ ಇದರ ಸಂಬಂಧ ನೇರವಾದದ್ದು. 2023ರ ಮುಂಗಾರಿನಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಒಂದು ವರ್ಷದ ಬರವನ್ನು ಭೂಮಿಯ ಬಿಸಿಯ ಮೇಲೆಯೇ ಹೊರಿಸುವುದು ಸರಿಯಲ್ಲ. ಬರಗಾಲ ಹಿಂದೆಯೂ ಇತ್ತು. ಆದರೆ ಗಾಳಿ ಬಿಸಿಯಾದಷ್ಟೂ ಮಣ್ಣಿನ ತೇವ ಬೇಗ ಆರುತ್ತದೆ, ಮಳೆ ಬಂದಾಗ ಒಮ್ಮೆಗೇ ಹೆಚ್ಚು ಸುರಿಯುತ್ತದೆ, ಎರಡು ಮಳೆಗಳ ನಡುವಿನ ಬಿಡುವು ಪೈರಿಗೆ ಹೆಚ್ಚು ಕಠಿಣವಾಗುತ್ತದೆ.

2009ರ ಅನುಭವ

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ಬಿದ್ದ ಮೇಲೆ ಮುಗ್ಗಟ್ಟು ಜಗತ್ತಿನಾದ್ಯಂತ ಹರಡಿತು. ಅದನ್ನು ಎದುರಿಸಲು ಹಲವು ಸರ್ಕಾರಗಳು ಏಕಕಾಲಕ್ಕೆ ಉತ್ತೇಜನ ವೆಚ್ಚಕ್ಕೆ ಕೈಹಾಕಿದವು. ಇವುಗಳಲ್ಲಿ ಮೂರು ದೇಶಗಳ ಅನುಭವ ಪಾಠವಾಗಬಲ್ಲುದು.

ಅಮೆರಿಕ: 2009ರ ಫೆಬ್ರುವರಿ 17ರಂದು ಅಧ್ಯಕ್ಷ ಬರಾಕ್ ಒಬಾಮ ಅವರು ಸಹಿ ಮಾಡಿದ ಕಾಯಿದೆಯ ಒಟ್ಟು ಮೊತ್ತ ಸುಮಾರು 78,700 ಕೋಟಿ ಡಾಲರ್ ಎಂದು ಆಗ ಅಂದಾಜು ಮಾಡಲಾಗಿತ್ತು. ಇದರಲ್ಲಿ ಸುಮಾರು 9,000 ಕೋಟಿ ಡಾಲರ್ ಶುದ್ಧ ಶಕ್ತಿಗೆ ಮೀಸಲಾಯಿತು. ಬಡವರ ಮನೆಗಳಿಗೆ ಚಳಿಗಾಳಿ ನುಗ್ಗದಂತೆ ಭದ್ರಪಡಿಸಿ ಇಂಧನ ಉಳಿಸುವುದು, ವಿದ್ಯುತ್ ಜಾಲದ ಸುಧಾರಣೆ, ಪವನ ಮತ್ತು ಸೌರ ಸ್ಥಾವರಗಳಿಗೆ ವೆಚ್ಚದ ಶೇಕಡ 30ರಷ್ಟು ನಗದು ನೆರವು ಇದರಲ್ಲಿ ಸೇರಿದ್ದವು. ಬ್ಯಾಂಕುಗಳು ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ ಈ ನಗದು ನೆರವಿನಿಂದಾಗಿ ಪವನ ಯಂತ್ರಗಳ ಕೆಲಸ ನಿಲ್ಲಲಿಲ್ಲ. 2008ರ ಕೊನೆಯಲ್ಲಿ ಸುಮಾರು 25,000 ಮೆಗಾವಾಟ್ ಇದ್ದ ಆ ದೇಶದ ಪವನ ವಿದ್ಯುತ್ ಸಾಮರ್ಥ್ಯ 2012ರ ಕೊನೆಗೆ ಸುಮಾರು 60,000 ಮೆಗಾವಾಟ್ ಆಯಿತು.

ನಷ್ಟವೂ ಆಗದೆ ಇರಲಿಲ್ಲ. ಸೌರ ಫಲಕ ತಯಾರಿಸುವ ಸೊಲಿಂಡ್ರಾ ಎಂಬ ಕಂಪನಿಗೆ ಸರ್ಕಾರ 53.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ನೀಡಿತ್ತು. ಅಷ್ಟರಲ್ಲಿ ಸಾಮಾನ್ಯ ಸಿಲಿಕಾನ್ ಫಲಕಗಳ ಬೆಲೆ ಕುಸಿಯಿತು. ಬೇರೆ ಬಗೆಯ, ದುಬಾರಿ ಫಲಕ ಮಾಡುತ್ತಿದ್ದ ಈ ಕಂಪನಿ 2011ರಲ್ಲಿ ದಿವಾಳಿಯಾಯಿತು. ಇನ್ನೊಂದು ತೊಡಕು ಹಣ ಬಂದು ನಿಲ್ಲುವ ರೀತಿಯದು. ಪವನ ವಿದ್ಯುತ್ತಿಗೆ ಇದ್ದ ತೆರಿಗೆ ರಿಯಾಯಿತಿ 2012ರ ಕೊನೆಗೆ ಮುಗಿಯುತ್ತದೆಂದು ತಿಳಿದು ಆ ವರ್ಷ ಎಲ್ಲರೂ ತರಾತುರಿಯಲ್ಲಿ ಸುಮಾರು 13,000 ಮೆಗಾವಾಟ್ ಸ್ಥಾಪಿಸಿದರು. ಮರುವರ್ಷ ಸ್ಥಾಪನೆಯಾದದ್ದು ಸುಮಾರು 1,000 ಮೆಗಾವಾಟ್ ಮಾತ್ರ. ಒಂದೇ ದಿನ ಸುರಿದು ಆಮೇಲೆ ತಿಂಗಳುಗಟ್ಟಲೆ ಮುಖ ತೋರಿಸದ ಮಳೆಯಿಂದ ಬೆಳೆ ಬರುವುದಿಲ್ಲ. ಕಾರ್ಖಾನೆಗಳ ಪಾಡೂ ಹಾಗೆಯೇ.

ಚೀನ: 2008ರ ನವೆಂಬರಿನಲ್ಲಿ ಚೀನ ಸರ್ಕಾರ 4 ಲಕ್ಷ ಕೋಟಿ ಯುವಾನ್ ವೆಚ್ಚದ ಯೋಜನೆಯನ್ನು ಪ್ರಕಟಿಸಿತು. ರೈಲು ಮಾರ್ಗ ಮತ್ತು ವಿದ್ಯುತ್ ಜಾಲಗಳ ವೆಚ್ಚವನ್ನು ಹಸಿರು ವೆಚ್ಚವೆಂದು ಲೆಕ್ಕ ಹಿಡಿದವರಿದ್ದರು. ಆದರೆ ರಸ್ತೆ, ಸೇತುವೆ, ಕಟ್ಟಡಗಳಿಗೆ ಬೇಕಾದ ಸಿಮೆಂಟು ಮತ್ತು ಉಕ್ಕನ್ನು ಕಲ್ಲಿದ್ದಲು ಉರಿಸಿಯೇ ತಯಾರಿಸಬೇಕು. ಹೀಗಾಗಿ ಆ ವರ್ಷಗಳಲ್ಲಿ ಚೀನದ ಹೊಗೆ ಇಳಿಯಲಿಲ್ಲ, ಏರಿತು.

ದಕ್ಷಿಣ ಕೊರಿಯ: 2009ರ ಜನವರಿಯಲ್ಲಿ ಈ ದೇಶ ನಾಲ್ಕು ವರ್ಷಗಳಲ್ಲಿ 50 ಲಕ್ಷ ಕೋಟಿ ವಾನ್ ಖರ್ಚು ಮಾಡುವ ಹಸಿರು ಯೋಜನೆಯನ್ನು ಪ್ರಕಟಿಸಿತು. ಒಟ್ಟು ಉತ್ತೇಜನ ವೆಚ್ಚದಲ್ಲಿ ಹಸಿರು ಪಾಲು ಇಷ್ಟು ದೊಡ್ಡದಾಗಿದ್ದ ದೇಶ ಆಗ ಬೇರೊಂದಿರಲಿಲ್ಲ. ಆದರೆ ಇದರಲ್ಲಿ ಬಹು ದೊಡ್ಡ ಪಾಲು ನಾಲ್ಕು ನದಿಗಳ ಹೂಳೆತ್ತಿ, 16 ಅಡ್ಡಗಟ್ಟೆಗಳನ್ನು ಕಟ್ಟುವುದಕ್ಕೆ ಹೋಯಿತು. ಹರಿಯುವ ನೀರು ನಿಂತದ್ದರಿಂದ ನಕ್‌ಡಾಂಗ್ ನದಿಯಲ್ಲಿ ಬೇಸಿಗೆಯಲ್ಲಿ ಪಾಚಿ ಹಬ್ಬುತ್ತದೆಂಬ ದೂರು ಮುಂದೆ ಬಲವಾಗಿ ಕೇಳಿಬಂತು. ಕಲ್ಲಿದ್ದಲ ಸ್ಥಾವರಗಳು ಉರಿಯುತ್ತಲೇ ಇದ್ದವು. ಯೋಜನೆಯ ಹೆಸರು ಹಸಿರಾಗಿದ್ದರೂ 2009ರ ನಂತರ ಕೊರಿಯದ ಅನಿಲ ಹೊರಸೂಸುವಿಕೆ ಹೆಚ್ಚುತ್ತ ಹೋಯಿತು.

ಜಗತ್ತಿನ ಒಟ್ಟು ಲೆಕ್ಕವೂ ಇದನ್ನೇ ಹೇಳುತ್ತದೆ. ಮುಗ್ಗಟ್ಟಿನ ಕಾರಣದಿಂದ 2009ರಲ್ಲಿ ಇಂಗಾಲದ ಡೈ ಆಕ್ಸೈಡ್ ಹೊರಸೂಸುವಿಕೆ ಸುಮಾರು ಶೇಕಡ 1.4ರಷ್ಟು ಇಳಿದಿತ್ತು. 2010ರಲ್ಲಿ ಸುಮಾರು ಶೇಕಡ 5.9ರಷ್ಟು ಏರಿತು. ಉತ್ತೇಜನ ಹಣದಿಂದ ಕಾರ್ಖಾನೆಗಳು ಮತ್ತೆ ತಿರುಗಿದವು. ತಿರುಗಿದ್ದು ಬಹುಪಾಲು ಹಳೆಯ ಇಂಧನದಿಂದಲೇ.

ಫಲಕದ ಬೆಲೆ ಇಳಿದ ಬಗೆ

ಹಾಗಾದರೆ ಶುದ್ಧ ಶಕ್ತಿಗೆ ಹಾಕಿದ ಹಣವೆಲ್ಲ ವ್ಯರ್ಥವಾಯಿತೆ? ಇಲ್ಲ. ಅದರ ಮುಖ್ಯ ಫಲ ಆ ಕೂಡಲೆ ಹೊಗೆಯ ಲೆಕ್ಕದಲ್ಲಿ ಕಾಣಿಸದೆ, ಕೆಲವು ವರ್ಷಗಳ ನಂತರ ಬೆಲೆಯಲ್ಲಿ ಕಾಣಿಸಿಕೊಂಡಿತು.

ಯಾವುದೇ ಯಂತ್ರವನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದಷ್ಟೂ ಕೆಲಸದ ಹದ ತಿಳಿಯುತ್ತದೆ, ಹಾಳಾಗುವ ಮಾಲು ಕಡಿಮೆಯಾಗುತ್ತದೆ, ಒಂದೊಂದರ ವೆಚ್ಚ ಇಳಿಯುತ್ತದೆ. ಸೌರ ವಿದ್ಯುತ್ತಿಗೆ ನಿಶ್ಚಿತ ದರ ಕೊಡುವ ಕಾನೂನನ್ನು ಜರ್ಮನಿ 2000ದಲ್ಲಿಯೇ ತಂದಿತ್ತು. ಇದರಿಂದ ಫಲಕಗಳಿಗೆ ಗಿರಾಕಿ ಹುಟ್ಟಿತು. ಚೀನದ ಕಾರ್ಖಾನೆಗಳು ಸರ್ಕಾರಿ ಬ್ಯಾಂಕುಗಳ ಸಾಲದಿಂದ ಬೆಳೆದವು. 2009ರ ಜುಲೈಯಲ್ಲಿ ಚೀನ ತನ್ನ ದೇಶದೊಳಗೂ ಫಲಕ ಹಾಕುವವರಿಗೆ ನೆರವು ಕೊಡುವ ‘ಚಿನ್ನದ ಸೂರ್ಯ’ ಯೋಜನೆಯನ್ನು ಆರಂಭಿಸಿತು. ಇವುಗಳ ಜೊತೆಗೆ ಅಮೆರಿಕ ಮೊದಲಾದ ದೇಶಗಳ ಉತ್ತೇಜನ ಹಣವೂ ಸೇರಿ, ಮುಗ್ಗಟ್ಟಿನ ವರ್ಷಗಳಲ್ಲಿ ಬಾಡಿಹೋಗಬಹುದಾಗಿದ್ದ ಉದ್ಯಮವನ್ನು ಉಳಿಸಿದವು. 2010ರಿಂದ 2020ರ ವರೆಗಿನ ಹತ್ತು ವರ್ಷಗಳಲ್ಲಿ ದೊಡ್ಡ ಸೌರ ಸ್ಥಾವರಗಳ ವಿದ್ಯುತ್ತಿನ ವೆಚ್ಚ ಸುಮಾರು ಶೇಕಡ 85ರಷ್ಟು ಇಳಿಯಿತು.

ಇದರ ಲಾಭ ಭಾರತಕ್ಕೂ ಬಂತು. 2010ರ ಜನವರಿಯಲ್ಲಿ ಜವಾಹರಲಾಲ್ ನೆಹರು ರಾಷ್ಟ್ರೀಯ ಸೌರ ಯೋಜನೆ ಆರಂಭವಾದಾಗ, ಮೊದಲ ಹರಾಜಿನಲ್ಲಿ ಒಂದು ಯೂನಿಟ್ ಸೌರ ವಿದ್ಯುತ್ತಿಗೆ ಸರಾಸರಿ 12 ರೂಪಾಯಿಗಿಂತ ಹೆಚ್ಚು ಕೊಡಬೇಕಾಗಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನ ಎದ್ದುದು ಬೆಲೆ ಹೀಗೆ ಇಳಿದ ಕಾಲದಲ್ಲಿಯೇ. ಅಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭಿಸಿ, ಕಾಲಕಾಲಕ್ಕೆ ಹೆಚ್ಚಿಸುವ ಕರಾರಿನಿಂದ ಗುತ್ತಿಗೆಗೆ ಪಡೆಯಲಾಯಿತು. ಮಳೆ ನಂಬಲಾಗದ ಸೀಮೆಯಲ್ಲಿ ಜಮೀನುಳ್ಳವರಿಗೆ ಇದು ನಿಶ್ಚಿತ ವರಮಾನ. ಹೊಲದ ಕೂಲಿಯನ್ನೇ ನಂಬಿದ್ದ ಭೂಹೀನರಿಗೆ ಮಾತ್ರ ಗುತ್ತಿಗೆ ಹಣದಲ್ಲಿ ಪಾಲಿಲ್ಲ ಎಂಬುದನ್ನೂ ಮರೆಯಬಾರದು.

2020ರ ಪಾಠ

2020ರಲ್ಲಿ ಕೊರೋನ ಪಿಡುಗಿನಿಂದ ವ್ಯವಹಾರ ಮತ್ತೆ ನಿಂತಿತು. ಜಗತ್ತಿನ ಹೊರಸೂಸುವಿಕೆ ಆ ವರ್ಷ ಶೇಕಡ 5ಕ್ಕಿಂತ ಹೆಚ್ಚು ಇಳಿದು, 2021ರಲ್ಲಿ ಬಹುಮಟ್ಟಿಗೆ ಹಳೆಯ ಮಟ್ಟಕ್ಕೆ ಮರಳಿತು. ಈ ಬಾರಿ ಕೆಲವು ಕಡೆ ಹಿಂದಿನ ಅನುಭವದಿಂದ ಕಲಿತ ಗುರುತು ಕಾಣುತ್ತದೆ. ಐರೋಪ್ಯ ಒಕ್ಕೂಟ ತನ್ನ ಪುನಶ್ಚೇತನ ನಿಧಿಯಿಂದ ಹಣ ಪಡೆಯುವ ಪ್ರತಿಯೊಂದು ದೇಶವೂ ಕನಿಷ್ಠ ಶೇಕಡ 37ರಷ್ಟನ್ನು ವಾಯುಗುಣ ರಕ್ಷಣೆಗೆ ಬಳಸಬೇಕೆಂಬ ಷರತ್ತು ಹಾಕಿತು.

ಭಾರತದಲ್ಲಿ 2020ರ ಮೇ ತಿಂಗಳಲ್ಲಿ ಪ್ರಕಟವಾದ 20 ಲಕ್ಷ ಕೋಟಿ ರೂಪಾಯಿಗಳ ಆತ್ಮನಿರ್ಭರ ಯೋಜನೆಯಲ್ಲಿ ಕಲ್ಲಿದ್ದಲನ್ನು ಗಣಿಯಿಂದ ಸಾಗಿಸುವ ಸೌಕರ್ಯಗಳಿಗೆ 50,000 ಕೋಟಿ ರೂಪಾಯಿಗಳನ್ನು ಗೊತ್ತುಮಾಡಲಾಯಿತು. ಅದರ ಬೆನ್ನಿಗೆ, ದೇಶದಲ್ಲಿಯೇ ಸೌರ ಫಲಕ ತಯಾರಿಸುವ ಕಾರ್ಖಾನೆಗಳಿಗೆ ಮೊದಲು 4,500 ಕೋಟಿ, ಮುಂದೆ 2022ರ ಮುಂಗಡಪತ್ರದಲ್ಲಿ ಇನ್ನೂ 19,500 ಕೋಟಿ ರೂಪಾಯಿ ಪ್ರೋತ್ಸಾಹಧನವನ್ನು ಘೋಷಿಸಲಾಯಿತು. ವಿದ್ಯುತ್ತಿನ ಬೇಡಿಕೆ ವರ್ಷವರ್ಷವೂ ಏರುತ್ತಿರುವ ದೇಶಕ್ಕೆ ಎರಡೂ ಬೇಕೆನ್ನಿಸುವುದು ಸಹಜ. ಆದರೆ ಹೊಗೆಯ ಲೆಕ್ಕದಲ್ಲಿ ಒಂದು ಕೈಯಿಂದ ಕಳೆದದ್ದನ್ನು ಇನ್ನೊಂದು ಕೈ ಕೂಡುತ್ತದೆ. ಸೌರ ಫಲಕದ ಬಾಳಿಕೆ ಸುಮಾರು 25 ವರ್ಷವಾದರೆ, ಕಲ್ಲಿದ್ದಲ ಸ್ಥಾವರದ ಬಾಳಿಕೆ 30ರಿಂದ 40 ವರ್ಷ. ಮುಗ್ಗಟ್ಟಿನ ಒಂದು ವರ್ಷದಲ್ಲಿ ತೆಗೆದುಕೊಂಡ ತೀರ್ಮಾನ ಒಂದು ತಲೆಮಾರಿನವರೆಗೆ ಉಳಿಯುತ್ತದೆ.

ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ

2025ರ ಜೂನ್ ಕೊನೆಗೆ ಭಾರತದ ವಿದ್ಯುತ್ ಸ್ಥಾವರಗಳ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಸೌರ, ಪವನ, ಜಲ ಮತ್ತು ಪರಮಾಣು ಮೂಲಗಳದ್ದಾಯಿತು. 2030ಕ್ಕೆ ಇಟ್ಟುಕೊಂಡಿದ್ದ ಗುರಿ ಐದು ವರ್ಷ ಮೊದಲೇ ಕೈಗೂಡಿತು. ಇದು ದೊಡ್ಡ ಸಾಧನೆಯೇ. ಆದರೆ 2023-24ರಲ್ಲಿ ದೇಶದಲ್ಲಿ ಉತ್ಪಾದನೆಯಾದ ವಿದ್ಯುತ್ತಿನಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಕಲ್ಲಿದ್ದಲಿನಿಂದಲೇ ಬಂದಿತ್ತು.

ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಒಂದು ಕಿಲೋವಾಟ್ ಸೌರ ಫಲಕ ರಾತ್ರಿ, ಮೋಡದ ದಿನಗಳನ್ನು ಕಳೆದು ವರ್ಷಕ್ಕೆ ಸುಮಾರು 1,400ರಿಂದ 1,600 ಯೂನಿಟ್ ವಿದ್ಯುತ್ ಕೊಡುತ್ತದೆ. ಹಗಲಿರುಳು ಉರಿಯುವ ಕಲ್ಲಿದ್ದಲ ಸ್ಥಾವರದ ಒಂದು ಕಿಲೋವಾಟ್ ಸಾಮರ್ಥ್ಯದಿಂದ ಸುಮಾರು 6,000 ಯೂನಿಟ್ ಸಿಗುತ್ತದೆ. ಕೊಟ್ಟಿಗೆಯಲ್ಲಿ ಎಷ್ಟು ಹಸುಗಳಿವೆ ಎಂಬುದರಿಂದ ಡೇರಿಗೆ ಎಷ್ಟು ಹಾಲು ಹೋಯಿತು ಎಂಬುದು ತಿಳಿಯುವುದಿಲ್ಲ. ಶುದ್ಧ ಶಕ್ತಿಗೆ ಹಾಕಿದ ಹಣದ ಫಲವನ್ನೂ ಮೆಗಾವಾಟುಗಳಿಂದ ಅಳೆಯದೆ, ಎಷ್ಟು ಟನ್ ಕಲ್ಲಿದ್ದಲು, ಎಷ್ಟು ಲೀಟರ್ ಡೀಸೆಲ್ ಉರಿಯದೆ ಉಳಿಯಿತು ಎಂಬುದರಿಂದ ಅಳೆಯಬೇಕು.

ಒಂದು ಪಂಪ್‌ಸೆಟ್ಟಿನ ಲೆಕ್ಕ

ಈ ಅಳತೆಯನ್ನು ರೈತರ ಹೊಲದ ಪಂಪ್‌ಸೆಟ್ಟಿಗೆ ಅನ್ವಯಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಪಿ.ಎಂ. ಕುಸುಮ್ ಯೋಜನೆಯನ್ನು ಆರಂಭಿಸಿತು. ಇದು ಮುಗ್ಗಟ್ಟಿಗೆಂದೇ ಹುಟ್ಟಿದ ಯೋಜನೆಯಲ್ಲದಿದ್ದರೂ, ಸರ್ಕಾರದ ಹಣದಿಂದ ಶುದ್ಧ ಶಕ್ತಿ ಕಟ್ಟುವ ಅದೇ ಬಗೆಯ ವೆಚ್ಚ. ಮುಂದೆ ಇದನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಲಾಯಿತು. ಇದರ ‘ಎ’ ಭಾಗ ಬೀಳು ಜಮೀನಿನಲ್ಲಿ ಸಣ್ಣ ಸೌರ ಸ್ಥಾವರಗಳಿಗೆ, ‘ಬಿ’ ಭಾಗ ವಿದ್ಯುತ್ ಜಾಲದ ಸಂಪರ್ಕವಿಲ್ಲದ ಬಿಡಿ ಸೌರ ಪಂಪ್‌ಸೆಟ್ಟುಗಳಿಗೆ, ‘ಸಿ’ ಭಾಗ ಈಗಾಗಲೇ ವಿದ್ಯುತ್ ಸಂಪರ್ಕವಿರುವ ಪಂಪ್‌ಸೆಟ್ಟುಗಳಿಗೆ ಅಥವಾ ಅವುಗಳ ಇಡೀ ವಿದ್ಯುತ್ ಮಾರ್ಗಕ್ಕೆ ಸೌರಶಕ್ತಿ ಒದಗಿಸಲು ಸಂಬಂಧಿಸಿದೆ. ‘ಬಿ’ ಭಾಗದಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಶೇಕಡ 30ರಂತೆ ಕೊಡಬೇಕೆಂದಿತ್ತು. ಕರ್ನಾಟಕ ಸರ್ಕಾರ ತನ್ನ ಪಾಲನ್ನು ಶೇಕಡ 50ಕ್ಕೆ ಏರಿಸಿದ್ದರಿಂದ ರೈತರ ಪಾಲು ಶೇಕಡ 20ಕ್ಕೆ ಇಳಿಯಿತು.

5 ಅಶ್ವಶಕ್ತಿಯ ಪಂಪನ್ನು ವರ್ಷಕ್ಕೆ 1,000 ಗಂಟೆ ಓಡಿಸಲಾಗುತ್ತದೆ ಎಂದಿಟ್ಟುಕೊಂಡರೆ ನಾಲ್ಕು ಸಂದರ್ಭಗಳು ಒದಗುತ್ತವೆ.

(1) ಡೀಸೆಲ್ ಪಂಪಿನ ಬದಲು ಸೌರ ಪಂಪು: ಗಂಟೆಗೆ ಸುಮಾರು ಒಂದು ಲೀಟರಿನಂತೆ 1,000 ಲೀಟರ್ ಡೀಸೆಲ್ ಉಳಿಯುತ್ತದೆ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಬರುವುದರಿಂದ ವರ್ಷಕ್ಕೆ 2.7 ಟನ್ ಕಡಿಮೆಯಾಗುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ರೈತರಿಗೆ 90,000 ರೂಪಾಯಿ ಉಳಿತಾಯ.

(2) ವಿದ್ಯುತ್ ಪಂಪಿನ ಬದಲು ಸೌರ ಪಂಪು: ಗಂಟೆಗೆ ಸುಮಾರು 4.5 ಯೂನಿಟ್ಟಿನಂತೆ 4,500 ಯೂನಿಟ್ ವಿದ್ಯುತ್ ಜಾಲದಲ್ಲಿ ಉಳಿಯುತ್ತದೆ. ಭಾರತದ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಅನಿಲ ಹೊರಬೀಳುವುದರಿಂದ ಸುಮಾರು 3 ಟನ್ ಕಡಿಮೆಯಾಗುತ್ತದೆ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ಇಲ್ಲಿ ಹಣ ಉಳಿಯುವುದು ಸರ್ಕಾರಕ್ಕೆ. ರೈತರಿಗೆ ಸಿಗುವುದು ಹಗಲು ಹೊತ್ತಿನ ವಿದ್ಯುತ್. ರಾತ್ರಿ ಹಾವು ಚೇಳುಗಳ ಭಯದಲ್ಲಿ ನೀರು ಕಟ್ಟಲು ಹೋಗುವುದು ತಪ್ಪುತ್ತದೆ.

(3) ಸೌರ ಪಂಪು ಬಂದ ಮೇಲೂ ಹಳೆಯ ವಿದ್ಯುತ್ ಪಂಪು ಮೊದಲಿನಂತೆ ಓಡುತ್ತಿದ್ದರೆ: ಕಡಿಮೆಯಾಗುವ ಹೊಗೆ ಸೊನ್ನೆ. ಖರ್ಚು ಮಾತ್ರ ಅಷ್ಟೇ.

(4) ಪಂಪೇ ಇಲ್ಲದಿದ್ದ ಕಡೆ ಹೊಸ ಕೊಳವೆ ಬಾವಿ ಕೊರೆದು ಸೌರ ಪಂಪು ಇಟ್ಟರೆ: ಹೊಸ ಹೊಗೆಯೂ ಇಲ್ಲ, ಹಳೆಯ ಹೊಗೆ ಕಡಿಮೆಯಾಗುವುದೂ ಇಲ್ಲ. ಬೆಳೆ ಬರಬಹುದು, ಅದು ಒಳ್ಳೆಯದೇ. ಆದರೆ ಅಂತರ್ಜಲದ ಮೇಲೆ ಇನ್ನೊಂದು ಹೊರೆ ಬೀಳುತ್ತದೆ.

ನಾಲ್ಕೂ ಕಡೆ ಸರ್ಕಾರದ ಲೆಕ್ಕದಲ್ಲಿ ‘ಒಂದು ಸೌರ ಪಂಪ್‌ಸೆಟ್ಟು’ ಎಂದೇ ದಾಖಲಾಗುತ್ತದೆ. ವಾಯುಗುಣಕ್ಕೆ ಲಾಭವಾಗುವುದು ಮೊದಲ ಎರಡರಲ್ಲಿ ಮಾತ್ರ. ಅಮೆರಿಕ, ಚೀನ, ಕೊರಿಯಗಳ ಅನುಭವದ ಸಾರವೂ ಇದೇ. ಹಣದಿಂದ ಏನನ್ನು ಕಟ್ಟಲಾಯಿತು ಎಂಬುದರ ಜೊತೆಗೆ, ಅದರಿಂದ ಯಾವ ಒಲೆ ಆರಿತು ಎಂಬುದನ್ನೂ ಕೇಳಬೇಕು.

ಮಿಗುವ ಬಿಸಿಲು, ಇಳಿಯುವ ನೀರು

5 ಅಶ್ವಶಕ್ತಿಯ ಪಂಪಿಗೆ ಸುಮಾರು 4,800 ವಾಟ್ ಫಲಕ ಬೇಕಾಗುತ್ತದೆ. ಇದು ವರ್ಷಕ್ಕೆ ಸುಮಾರು 6,700 ಯೂನಿಟ್ ಕೊಡಬಲ್ಲುದು. ಪಂಪಿಗೆ 4,500 ಯೂನಿಟ್ ಬಳಕೆಯಾದರೆ ಸುಮಾರು 2,200 ಯೂನಿಟ್ ಮಿಗುತ್ತದೆ. ಮಳೆ ಬಂದಾಗ, ಕೊಯ್ಲಿನ ಕಾಲದಲ್ಲಿ, ಹೊಲ ಖಾಲಿ ಇರುವಾಗ ಫಲಕಗಳು ಬಿಸಿಲಿನಲ್ಲಿ ಸುಮ್ಮನೆ ನಿಂತಿರುತ್ತವೆ. ಜಾಲಕ್ಕೆ ಸಂಪರ್ಕವಿದ್ದರೆ ಈ ಮಿಗುತಾಯ ಬೇರೆಯವರ ಮನೆಯ ದೀಪ ಬೆಳಗಿ, ವರ್ಷಕ್ಕೆ ಇನ್ನೂ ಒಂದೂವರೆ ಟನ್ ಹೊಗೆಯನ್ನು ತಪ್ಪಿಸುತ್ತದೆ.

ಮಿಕ್ಕ ಬಿಸಿಲಿಗೆ ಬೆಲೆ ಇಲ್ಲದಿದ್ದರೆ ಇನ್ನೊಂದು ಅಪಾಯವಿದೆ. ಡೀಸೆಲ್ಲಿಗೆ ಹಣ ಕೊಡುವವರು ಅಳೆದು ನೀರು ಬಿಡುತ್ತಾರೆ. ಬಿಸಿಲಿಗೆ ಹಣ ಕೊಡಬೇಕಾಗಿಲ್ಲವಾದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಪಂಪು ಓಡಿಸಿದರೂ ಖರ್ಚಾಗುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರಗಳಂಥ ಜಿಲ್ಲೆಗಳಲ್ಲಿ ಮಳೆಯಿಂದ ಇಂಗುವುದಕ್ಕಿಂತ ಹೆಚ್ಚು ನೀರನ್ನು ಈಗಾಗಲೇ ಮೇಲೆತ್ತಲಾಗುತ್ತಿದೆ. ಅಂಥ ಕಡೆ ಬಿಡಿ ಸೌರ ಪಂಪು ಬಾವಿಯನ್ನು ಬೇಗ ಬರಿದು ಮಾಡಬಹುದು.

ಗುಜರಾತಿನ ಢುಂಡಿ ಗ್ರಾಮದಲ್ಲಿ ಇದಕ್ಕೊಂದು ಉಪಾಯವನ್ನು ಪ್ರಯೋಗಿಸಿ ನೋಡಲಾಯಿತು. ಅಂತಾರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ನೆರವಿನಿಂದ ಆರು ಮಂದಿ ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿಕೊಂಡು, 2016ರಿಂದ ಮಿಕ್ಕ ವಿದ್ಯುತ್ತನ್ನು ವಿದ್ಯುತ್ ಕಂಪನಿಗೆ ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ಮಾರತೊಡಗಿದರು. ನೀರು ಹಾಯಿಸಿದ ಮೇಲೆ ಪಂಪು ನಿಲ್ಲಿಸಿದರೆ ಹಣ ಬರುತ್ತದೆ. ಸುಮ್ಮನೆ ಓಡಿಸಿದರೆ ಆ ಹಣ ಕೈತಪ್ಪುತ್ತದೆ. ಹೀಗೆ ಬಿಸಿಲೂ ಒಂದು ಬೆಳೆಯಾದಾಗ ನೀರಿನ ಉಳಿತಾಯದಲ್ಲಿ ರೈತರಿಗೇ ಹಿತವಿರುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

1. ಸೌರ ಪಂಪ್‌ಸೆಟ್ಟಿಗೆ ಅರ್ಜಿ ಹಾಕುವ ಮುನ್ನ, ಆ ವೇಳೆಗೆ ಜಾರಿಯಲ್ಲಿರುವ ಸಹಾಯಧನದ ಪ್ರಮಾಣ ಮತ್ತು ನಿಯಮಗಳನ್ನು ವಿದ್ಯುತ್ ಕಂಪನಿಯ ಕಚೇರಿಯಲ್ಲಿ ವಿಚಾರಿಸಬೇಕು. ಮಧ್ಯವರ್ತಿಗಳಿಗೆ ಮುಂಗಡ ಕೊಡಬಾರದು.

2. ಡೀಸೆಲ್ ಪಂಪು ಇರುವವರಿಗೆ, ವಿದ್ಯುತ್ ಕಂಬಗಳಿಂದ ದೂರದಲ್ಲಿ ಜಮೀನಿರುವವರಿಗೆ ಬಿಡಿ ಸೌರ ಪಂಪಿನಿಂದ ಹೆಚ್ಚು ಲಾಭ. ವಿದ್ಯುತ್ ಸಂಪರ್ಕವಿರುವವರು ಇಡೀ ವಿದ್ಯುತ್ ಮಾರ್ಗವನ್ನೇ ಸೌರಶಕ್ತಿಗೆ ಒಳಪಡಿಸುವ ‘ಸಿ’ ಭಾಗದ ಕೆಲಸ ತಮ್ಮ ಉಪಕೇಂದ್ರದಲ್ಲಿ ನಡೆದಿದೆಯೆ ಎಂದು ತಿಳಿಯಬೇಕು.

3. ಬಾವಿಯ ಇಳುವರಿಯನ್ನು ಬೇಸಿಗೆಯಲ್ಲಿ ಪರೀಕ್ಷಿಸಿ, ಅದಕ್ಕೆ ತಕ್ಕ ಅಶ್ವಶಕ್ತಿಯ ಪಂಪನ್ನು ಆರಿಸಬೇಕು. ಸಹಾಯಧನ ಸಿಗುತ್ತದೆಂಬ ಕಾರಣಕ್ಕೆ ದೊಡ್ಡ ಪಂಪು ಇಳಿಸುವುದು ಸರಿಯಲ್ಲ.

4. ಸೌರ ಪಂಪಿನ ಜೊತೆ ಹನಿ ಅಥವಾ ತುಂತುರು ನೀರಾವರಿಯನ್ನು ಕಡ್ಡಾಯವಾಗಿ ಅಳವಡಿಸಿಕೊಳ್ಳಬೇಕು. ನೀರಿನ ಹೊಂಡವಿದ್ದರೆ ಮೋಡದ ದಿನಗಳಿಗೆ ಅನುಕೂಲ.

5. ಫಲಕಗಳ ಮೇಲಿನ ಧೂಳನ್ನು ಮುಂಜಾನೆ, ಫಲಕ ತಂಪಾಗಿರುವಾಗ ಶುದ್ಧ ನೀರಿನಿಂದ ಒರೆಸಬೇಕು. ತೆಂಗಿನ ಗರಿಯಾಗಲಿ ಮರದ ನೆರಳಾಗಲಿ ಬೀಳದಂತೆ ನೋಡಿಕೊಳ್ಳಬೇಕು.

6. ಜಮೀನನ್ನು ಸೌರ ಸ್ಥಾವರಕ್ಕೆ ಗುತ್ತಿಗೆ ಕೊಡುವವರು ಗುತ್ತಿಗೆಯ ಅವಧಿ, ಹಣ ಹೆಚ್ಚಿಸುವ ರೀತಿ, ಅವಧಿ ಮುಗಿದ ಮೇಲೆ ಜಮೀನನ್ನು ಯಾವ ಸ್ಥಿತಿಯಲ್ಲಿ ಹಿಂತಿರುಗಿಸಬೇಕು ಎಂಬುದನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿ ನೋಂದಾಯಿಸಬೇಕು. ಬೀಳು ಜಮೀನಿಗೆ ಮೊದಲ ಆದ್ಯತೆ ಇರಲಿ.

ಒಟ್ಟಿನಲ್ಲಿ, ಮುಗ್ಗಟ್ಟಿನ ಕಾಲದ ಸರ್ಕಾರಿ ಹಣದಿಂದ ಶುದ್ಧ ಶಕ್ತಿಗೆ ಆದ ದೊಡ್ಡ ಉಪಕಾರವೆಂದರೆ ಬೆಲೆಯ ಇಳಿತ. ಆದರೆ ಅಗ್ಗದ ಸೌರ ಫಲಕ ತನ್ನಷ್ಟಕ್ಕೆ ತಾನೇ ಕಲ್ಲಿದ್ದಲ ಒಲೆಯನ್ನು ಆರಿಸುವುದಿಲ್ಲ. ಹಣ ಕ್ರಮವಾಗಿ, ಹಲವು ವರ್ಷ ನಿಲ್ಲದೆ ಬರಬೇಕು. ಅದೇ ಕಾಲಕ್ಕೆ ಹಳೆಯ ಇಂಧನದ ಬಳಕೆ ತಗ್ಗಬೇಕು. ಉಳಿದ ಶಕ್ತಿಗೆ ಬೆಲೆ ಸಿಗಬೇಕು. ಉಳಿದ ನೀರು ನೆಲದಲ್ಲಿಯೇ ಇರಬೇಕು. ಇವುಗಳಲ್ಲಿ ಕೆಲವು ಸರ್ಕಾರದ ಕೈಯಲ್ಲಿವೆ, ಕೆಲವು ಪಂಪಿನ ಗುಂಡಿ ಒತ್ತುವವರ ಕೈಯಲ್ಲಿವೆ. ಎರಡೂ ಕೂಡಿದರೆ ಸಾರ್ವಜನಿಕರ ಹಣ ಕೆರೆಯ ಹೂಳೆತ್ತಿದ ಊರಿನ ಕೂಲಿಯಂತೆ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಕೂಡದಿದ್ದರೆ ರಸ್ತೆ ಬದಿಯ ಜಲ್ಲಿಯ ರಾಶಿಗೆ ಇನ್ನೊಂದು ರಾಶಿ ಸೇರುತ್ತದೆ.